ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನ: ಕೈ ಬಿಚ್ಚಿ ಕೊಡುತ್ತಾರೆ, ಕಾಗದದಲ್ಲಿ ಮಾತ್ರ ಬಿಗಿ

ಜಪಾನ್ ಸರ್ಕಾರ ಬೇರೆ ದೇಶಗಳ ವಿದ್ಯಾರ್ಥಿಗಳಿಗೆ 1954ರಿಂದ ಕೊಡುತ್ತ ಬಂದಿರುವ ವಿದ್ಯಾರ್ಥಿವೇತನಕ್ಕೆ ಈಗ ಎಲ್ಲರ ಬಾಯಲ್ಲೂ ಮೆಕ್ಸ್ಟ್ ಎಂದೇ ಹೆಸರು. ಅಲ್ಲಿನ ಶಿಕ್ಷಣ ಸಚಿವಾಲಯದ ಇಂಗ್ಲಿಷ್ ಹೆಸರಿನ ಚುಟುಕು ಅದು. ಜಪಾನಿಯರು ಮೊಂಬುಕಗಾಕುಶೋ ಅನ್ನುತ್ತಾರೆ. ಇದರಲ್ಲಿ ಹಲವು ಬಗೆಗಳಿವೆ. ನಮ್ಮ ಕಡೆಯಿಂದ ಹೋಗಬೇಕೆನ್ನುವವರು ಹೆಚ್ಚಾಗಿ ಕೇಳುವುದು ಪದವಿ ಮುಗಿಸಿದವರಿಗಿರುವ ‘ರಿಸರ್ಚ್ ಸ್ಟೂಡೆಂಟ್’ ವೇತನದ ಬಗ್ಗೆ. ಎಂ.ಎಸ್. ಅಥವಾ ಪಿಎಚ್‌.ಡಿ. ಮಾಡಲು ಬಯಸುವವರ ದಾರಿ ಅದೇ. ಇಲ್ಲಿ ಅದನ್ನೇ ಬಿಡಿಸಿ ನೋಡಿದ್ದೇವೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಹಣದ ವಿಷಯದಲ್ಲಿ ಇಷ್ಟು ಶುದ್ಧವಾದ ಸರ್ಕಾರಿ ನೆರವು ಕಡಿಮೆ. ಅರ್ಜಿಗೆ ಶುಲ್ಕವಿಲ್ಲ, ಜಾಮೀನಿಲ್ಲ, ಅಡಮಾನವಿಲ್ಲ. ಓದು ಮುಗಿದ ಮೇಲೆ ಇಷ್ಟು ವರ್ಷ ಜಪಾನಿನಲ್ಲೇ ದುಡಿಯಬೇಕು ಅಥವಾ ತಾಯ್ನಾಡಿಗೆ ಮರಳಲೇಬೇಕು ಎಂಬ ಬಾಂಡ್ ಕೂಡ ಇಲ್ಲ. ಆದರೆ ಆಯ್ಕೆಯ ಕ್ರಮ ಉದ್ದ, ನಿಯಮ ಬಿಗಿ. ಅರ್ಹರಾದವರು ಇದನ್ನು ಕಳೆದುಕೊಳ್ಳುವುದು ಬುದ್ಧಿ ಸಾಲದೆ ಅಲ್ಲ. ಸಂಶೋಧನಾ ಯೋಜನೆ ಜಾಳಾಗಿ, ತಾರೀಕು ತಪ್ಪಿ, ಇಲ್ಲವೇ ‘ಆಯ್ಕೆಯಾಯಿತಲ್ಲ, ಇನ್ನು ಸೀಟು ಸಿಕ್ಕಂತೆ’ ಎಂದು ಕೈಕಟ್ಟಿ ಕೂತು ಕಳೆದುಕೊಳ್ಳುತ್ತಾರೆ.

ಕೈಗೆ ಎಷ್ಟು ಬರುತ್ತದೆ

ರಿಸರ್ಚ್ ಸ್ಟೂಡೆಂಟ್ ಆಗಿರುವಾಗ, ಅಂದರೆ ಡಿಗ್ರಿಗೆ ಸೇರುವ ಮೊದಲಿನ ತಯಾರಿ ಅವಧಿಯಲ್ಲಿ, ತಿಂಗಳಿಗೆ 1,43,000 ಯೆನ್, ಮಾಸ್ಟರ್ಸ್‌ಗೆ ಸೇರಿದ ಮೇಲೆ 1,44,000, ಪಿಎಚ್‌.ಡಿ.ಗೆ 1,45,000. ಸಚಿವಾಲಯ ಗುರುತಿಸಿದ ಕೆಲವು ಊರುಗಳಲ್ಲಿ ಇದರ ಮೇಲೆ 2,000 ಅಥವಾ 3,000 ಯೆನ್ ಸೇರುತ್ತದೆ. ಪ್ರವೇಶ ಪರೀಕ್ಷೆಯ ಶುಲ್ಕ, ಪ್ರವೇಶ ಶುಲ್ಕ, ಬೋಧನಾ ಶುಲ್ಕ ಮೂರೂ ಮಾಫಿ. ಹೋಗುವ ವಿಮಾನ ಟಿಕೆಟ್ಟೂ ಅವರದೇ.

ಈ ಮಾಫಿ ಎಷ್ಟು ದೊಡ್ಡದು ಎಂದು ಹಲವರು ಲೆಕ್ಕ ಹಾಕುವುದಿಲ್ಲ. ಜಪಾನಿನ ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಪ್ರಮಾಣಿತ ಬೋಧನಾ ಶುಲ್ಕ ವರ್ಷಕ್ಕೆ 5,35,800 ಯೆನ್, ಪ್ರವೇಶ ಶುಲ್ಕ 2,82,000. ಎರಡು ವರ್ಷದ ಮಾಸ್ಟರ್ಸ್‌ಗೆ ಇವೆರಡೇ 13,53,600 ಆಗುತ್ತವೆ. 24 ತಿಂಗಳ ವೇತನ 34,56,000. ಒಟ್ಟು 48 ಲಕ್ಷ ಯೆನ್ನಿಗೂ ಮೇಲೆ. ಯೆನ್ನಿಗೆ 55ರಿಂದ 60 ಪೈಸೆ ಹಿಡಿದರೂ ನಮ್ಮ 26–29 ಲಕ್ಷ ರೂಪಾಯಿ. ಖಾಸಗಿ ವಿಶ್ವವಿದ್ಯಾಲಯ ಸೇರಿದರೆ ಶುಲ್ಕದ ಪಾಲು ಇನ್ನೂ ಹೆಚ್ಚು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ವೇತನದ ಮೊತ್ತ ವರ್ಷಗಟ್ಟಲೆ ಹೀಗೇ ನಿಂತಿದೆ, ಬೆಲೆಗಳು ನಿಂತಿಲ್ಲ. 2025ರ ವಸಂತದ ಹೊತ್ತಿಗೆ ಅಲ್ಲಿನ ಸೂಪರ್‌ಮಾರ್ಕೆಟ್ಟುಗಳಲ್ಲಿ 5 ಕೆ.ಜಿ. ಅಕ್ಕಿಯ ಚೀಲ 4,000 ಯೆನ್ ದಾಟಿತು, ಹಿಂದಿನ ವರ್ಷದ ಎರಡರಷ್ಟು. ದಿನಕ್ಕೆರಡು ಹೊತ್ತು ಅನ್ನ ಉಣ್ಣುವವರಿಗೆ ಇದು ತಟ್ಟುತ್ತದೆ. ಒಬ್ಬರೇ ಇದ್ದು ವಿಶ್ವವಿದ್ಯಾಲಯದ ಹಾಸ್ಟೆಲ್ ಸಿಕ್ಕಿದರೆ ವೇತನದಲ್ಲಿ ಸಲೀಸಾಗಿ ಬದುಕಬಹುದು, ಸ್ವಲ್ಪ ಉಳಿಸಲೂಬಹುದು. ಟೋಕಿಯೊದಲ್ಲಿ ಹೊರಗೆ ಬಾಡಿಗೆ ಕೋಣೆ ಹಿಡಿದರೆ ತಿಂಗಳ ಕೊನೆಯಲ್ಲಿ ಕೈ ಹಿಡಿದೇ ಖರ್ಚು ಮಾಡಬೇಕು. ಹೆಂಡತಿ, ಗಂಡ, ಮಕ್ಕಳಿಗೆಂದು ಬೇರೆ ಭತ್ಯೆ ಏನೂ ಇಲ್ಲ. ಸಂಸಾರ ಕರೆದೊಯ್ಯುವವರಿಗೆ ಈ ಮೊತ್ತ ಸಾಲದು ಎಂದೇ ನಮ್ಮ ಅಭಿಪ್ರಾಯ.

ಎರಡು ಬಾಗಿಲು

ಒಂದು ರಾಯಭಾರ ಕಚೇರಿಯ ಶಿಫಾರಸು, ಇನ್ನೊಂದು ವಿಶ್ವವಿದ್ಯಾಲಯದ ಶಿಫಾರಸು. ಒಂದೇ ವರ್ಷಕ್ಕೆ ಎರಡೂ ಕಡೆ ಅರ್ಜಿ ಹಾಕುವಂತಿಲ್ಲ.

ಮೊದಲನೆಯದರಲ್ಲಿ ಅರ್ಜಿ, ಲಿಖಿತ ಪರೀಕ್ಷೆ, ಸಂದರ್ಶನ ಎಲ್ಲ ನಮ್ಮ ದೇಶದಲ್ಲೇ. ದೆಹಲಿಯ ರಾಯಭಾರ ಕಚೇರಿ ಮತ್ತು ದೂತಾವಾಸಗಳ ಮೂಲಕ ನಡೆಯುತ್ತದೆ. ಬೆಂಗಳೂರಿನಲ್ಲೂ ಜಪಾನಿನ ಕಾನ್ಸುಲೇಟ್ ಜನರಲ್ ಇರುವುದರಿಂದ ಕರ್ನಾಟಕದವರು ಪ್ರಕಟಣೆಗೆ ಮೊದಲು ಅಲ್ಲಿಯ ಜಾಲತಾಣ ನೋಡಬೇಕು. ಸಾಮಾನ್ಯವಾಗಿ ಏಪ್ರಿಲ್ ಆಸುಪಾಸಿನಲ್ಲಿ ಪ್ರಕಟಣೆ, ಮೇ–ಜೂನ್ ಒಳಗೆ ಅರ್ಜಿ, ಮಳೆಗಾಲದಲ್ಲಿ ಪರೀಕ್ಷೆ ಮತ್ತು ಸಂದರ್ಶನ, ಮರುವರ್ಷ ಏಪ್ರಿಲ್ ಅಥವಾ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಪ್ರಯಾಣ. ಪ್ರಕಟಣೆಗೂ ಕೊನೆಯ ದಿನಕ್ಕೂ ನಡುವಿನ ಅವಧಿ ಚಿಕ್ಕದು. ಹಿಂದಿನ ವರ್ಷದ ನಮೂನೆಗಳನ್ನು ಇಳಿಸಿಕೊಂಡು ಜನವರಿಯಲ್ಲೇ ಕರಡು ಬರೆಯಿರಿ, ಹೊಸ ನಮೂನೆ ಬಂದ ಕೂಡಲೇ ಅದಕ್ಕೆ ವರ್ಗಾಯಿಸಿ. ಹಳೆಯ ನಮೂನೆಯನ್ನೇ ತುಂಬಿ ಕಳಿಸಿದರೆ ಸ್ವೀಕರಿಸುವುದಿಲ್ಲ.

ಎರಡನೆಯದರಲ್ಲಿ ವಿಶ್ವವಿದ್ಯಾಲಯವೇ ನಿಮ್ಮನ್ನು ಆರಿಸಿ ಸಚಿವಾಲಯಕ್ಕೆ ಹೆಸರು ಕಳಿಸುತ್ತದೆ. ಕಾಗದಪತ್ರ ಹೆಚ್ಚಾಗಿ ಚಳಿಗಾಲದಲ್ಲಿ, ಪ್ರಯಾಣ ಅದರ ಮುಂದಿನ ಶರತ್ಕಾಲಕ್ಕೆ. ಪ್ರೊಫೆಸರ್ ಜೊತೆ ಮೊದಲೇ ಸಂಪರ್ಕವಿದ್ದವರಿಗೆ, ಪ್ರಬಂಧ ಪ್ರಕಟಿಸಿದವರಿಗೆ ಇದು ಒಳ್ಳೆಯ ದಾರಿ. ಆದರೆ ಇದಕ್ಕೆ ಅಂಕಗಳ ಗಟ್ಟಿ ಮಿತಿಯಿದೆ. ನಮ್ಮವರು ಎಡವುವುದು ಅಲ್ಲೇ.

69 ಮತ್ತು 80ರ ನಡುವಿನ ದೂರ

ವಿಶ್ವವಿದ್ಯಾಲಯದ ದಾರಿಯಲ್ಲಿ ಬೇಕಾದ ಕನಿಷ್ಠ ಸರಾಸರಿ 3.00ಕ್ಕೆ 2.30. ನಿಮ್ಮ ಶೇಕಡಾವಾರನ್ನು ನೇರವಾಗಿ ಮೂರಕ್ಕೆ ಇಳಿಸುವ ಲೆಕ್ಕ ಇದಲ್ಲ. ವಿಷಯದಿಂದ ವಿಷಯಕ್ಕೆ ಲೆಕ್ಕ ಹಾಕುತ್ತಾರೆ. 100 ಅಂಕದ ಪದ್ಧತಿಯಲ್ಲಿ 80 ಅಥವಾ ಅದಕ್ಕಿಂತ ಮೇಲೆ ಇದ್ದರೆ 3, 70ರಿಂದ 79ಕ್ಕೆ 2, 60ರಿಂದ 69ಕ್ಕೆ 1, ಅದಕ್ಕಿಂತ ಕೆಳಗೆ ಸೊನ್ನೆ. ಪ್ರತಿ ವಿಷಯದ ಕ್ರೆಡಿಟ್ಟಿನಿಂದ ಗುಣಿಸಿ, ಕೂಡಿಸಿ, ಒಟ್ಟು ಕ್ರೆಡಿಟ್ಟಿನಿಂದ ಭಾಗಿಸುತ್ತಾರೆ.

ಒಂದು ಉದಾಹರಣೆ ನೋಡಿ. ಒಂದೇ ತೂಕದ 40 ವಿಷಯಗಳು ಎಂದುಕೊಳ್ಳಿ. 16ರಲ್ಲಿ 80ಕ್ಕೂ ಹೆಚ್ಚು, 18ರಲ್ಲಿ ಎಪ್ಪತ್ತರ ಮೇಲೆ, 6ರಲ್ಲಿ ಅರವತ್ತರ ಮೇಲೆ. 48, 36, 6 ಕೂಡಿದರೆ 90. ಅದನ್ನು 40ರಿಂದ ಭಾಗಿಸಿದರೆ 2.25. ಇದು ಮಿತಿಗಿಂತ ಕೆಳಗೆ. ಅದೇ ವಿದ್ಯಾರ್ಥಿಗೆ 69 ಬಂದಿದ್ದ ಒಂದೇ ಒಂದು ವಿಷಯದಲ್ಲಿ 80 ಬಂದಿದ್ದರೆ ಮೊತ್ತ 92, ಸರಾಸರಿ ಸರಿಯಾಗಿ 2.30, ಬಾಗಿಲು ತೆರೆಯಿತು. ನಮ್ಮಲ್ಲಿ 60 ದಾಟಿದರೆ ಫಸ್ಟ್ ಕ್ಲಾಸ್ ಎಂದು ನೆಮ್ಮದಿ. ಈ ಕೋಷ್ಟಕದಲ್ಲಿ 60 ಎಂದರೆ ಪಾಸಾಗುವ ಅಂಚು. ಅಂಕ ಕೊಡುವುದರಲ್ಲಿ ಕೈ ಬಿಗಿಯಾಗಿರುವ ವಿಶ್ವವಿದ್ಯಾಲಯಗಳಲ್ಲಿ ಓದಿದ ಒಳ್ಳೆಯ ಹುಡುಗ ಹುಡುಗಿಯರಿಗೆ ಇದರಿಂದ ನಿಜವಾಗಿ ಅನ್ಯಾಯವಾಗುತ್ತದೆ. ಈ ಯೋಜನೆಯಲ್ಲಿ ನಮಗೆ ಒಪ್ಪಿಗೆಯಾಗದ ಸಂಗತಿಗಳಲ್ಲಿ ಇದು ಮೊದಲನೆಯದು.

ಪರಿಹಾರವೇ ಇಲ್ಲ ಎಂದಲ್ಲ. ನಿಮ್ಮ ಅಂಕಪಟ್ಟಿಯ ಹಿಂಬದಿಯಲ್ಲಿ ಅಥವಾ ಟ್ರಾನ್ಸ್‌ಕ್ರಿಪ್ಟಿನಲ್ಲಿ ಗ್ರೇಡ್‌ಗಳ ವಿವರಣೆ ಇರುತ್ತದೆ. ಯಾವ ಗ್ರೇಡನ್ನು ಯಾವ ಹಂತಕ್ಕೆ ಹೊಂದಿಸುತ್ತಾರೆ ಎಂದು ಆಯಾ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗಕ್ಕೆ ಮೊದಲೇ ಪತ್ರ ಬರೆದು ಕೇಳಿ. ಯಾವ ವರ್ಷಗಳ ಅಂಕ ಲೆಕ್ಕಕ್ಕೆ ಬರುತ್ತದೆ ಎಂಬುದನ್ನೂ ಕೇಳಿ. ಕಾಲೇಜಿನಿಂದ ರ‍್ಯಾಂಕ್ ಪತ್ರ ಸಿಗುವಂತಿದ್ದರೆ ಲಗತ್ತಿಸಿ. ಜೊತೆಗೆ ಭಾಷೆಯ ಷರತ್ತೂ ಇದೆ. ಇಂಗ್ಲಿಷಿನಲ್ಲಿ ಯೂರೋಪಿನ ಭಾಷಾ ಮಾಪನದ ಬಿ2 ಮಟ್ಟ ಅಥವಾ ಜಪಾನಿ ಭಾಷಾ ಪರೀಕ್ಷೆಯ ಎನ್2 ಹಂತ. ಪದವಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಮುಗಿಸಿದವರಿಗೆ ಅದೇ ಸಾಕಾಗುತ್ತದೆ, ಆದರೆ ಬಾಯಿಮಾತು ನಡೆಯದು. ಬೋಧನಾ ಮಾಧ್ಯಮ ಇಂಗ್ಲಿಷ್ ಎಂದು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ, ಸೀಲು ಸಹಿಯೊಂದಿಗೆ ಬೇಕು.

ಯೋಜನೆಯೇ ತಿರುಳು

ರಾಯಭಾರ ಕಚೇರಿಯ ದಾರಿಯಲ್ಲಿ ಎಲ್ಲದಕ್ಕಿಂತ ತೂಕವಿರುವುದು ‘ಅಧ್ಯಯನ ಕ್ಷೇತ್ರ ಮತ್ತು ಸಂಶೋಧನಾ ಯೋಜನೆ’ ಎಂಬ ನಮೂನೆಗೆ. ಈಗ ಓದಿರುವ ಕ್ಷೇತ್ರ, ಜಪಾನಿನಲ್ಲಿ ಮಾಡಬೇಕೆಂದಿರುವ ವಿಷಯ, ಅದನ್ನು ಹೇಗೆ ಮಾಡುತ್ತೀರಿ ಎಂಬ ಕ್ರಮ, ಇವಿಷ್ಟನ್ನು ಅದು ಕೇಳುತ್ತದೆ. ಜಾಗ ಕಡಿಮೆ. ಆ ಕಡಿಮೆ ಜಾಗದಲ್ಲಿ ಅರ್ಧವನ್ನು ‘ಜಪಾನ್ ತಂತ್ರಜ್ಞಾನದಲ್ಲಿ ಮುಂದುವರಿದ ದೇಶ, ಚಿಕ್ಕಂದಿನಿಂದ ಅಲ್ಲಿ ಓದುವ ಕನಸಿತ್ತು’ ಎಂದು ಬರೆದು ತುಂಬಿಸುವವರು ಬಹಳ. ಆ ಸಾಲುಗಳಿಗೆ ಬೆಲೆಯಿಲ್ಲ.

ಒಂದು ವಿಷಯವನ್ನೇ ಎರಡು ರೀತಿಯಲ್ಲಿ ನೋಡೋಣ. ‘ಕುಡಿಯುವ ನೀರಿನ ಶುದ್ಧೀಕರಣಕ್ಕೆ ಅಗ್ಗದ ತಂತ್ರಜ್ಞಾನ’ ಎಂದರೆ ಅದು ಆಶಯವಾಯಿತು, ಯೋಜನೆ ಆಗಲಿಲ್ಲ. ‘ಕೋಲಾರದಂಥ ಪ್ರದೇಶದ ಆಳದ ಕೊಳವೆಬಾವಿ ನೀರಿನಲ್ಲಿರುವ ಫ್ಲೋರೈಡನ್ನು ಮೂಳೆ ಇದ್ದಿಲಿನಿಂದ ತೆಗೆಯುವಾಗ, ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿದ್ದರೆ ಹೀರಿಕೊಳ್ಳುವ ಸಾಮರ್ಥ್ಯ ಎಷ್ಟು ಇಳಿಯುತ್ತದೆ’ ಎಂದರೆ ಅದು ಪ್ರಶ್ನೆ. ಇದಕ್ಕೆ ಮೊದಲ ಆರು ತಿಂಗಳಲ್ಲಿ ಯಾವ ಮಾದರಿ ತಯಾರಿ, ನಂತರ ಯಾವ ಅಳತೆ, ಯಾವ ಉಪಕರಣ, ಎರಡನೆಯ ವರ್ಷ ಇದ್ದಿಲು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ನೋಡುವ ‘ಕಾಲಮ್’ ಪ್ರಯೋಗ, ಇಷ್ಟು ಬರೆದರೆ ಓದುವ ಪ್ರೊಫೆಸರಿಗೆ ತನ್ನ ಲ್ಯಾಬಿನಲ್ಲಿ ಇದು ಆಗುತ್ತದೆಯೇ ಇಲ್ಲವೇ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಉಪಕರಣದ ಹೆಸರು, ಮಾದರಿಗಳ ಸಂಖ್ಯೆ, ತಿಂಗಳ ಲೆಕ್ಕ ಹಾಕಿ. ಕಲೆ, ಸಮಾಜವಿಜ್ಞಾನದವರಾದರೆ ಯಾವ ದಾಖಲೆಗಳು, ಯಾವ ಗ್ರಂಥಾಲಯ, ಯಾವ ಊರಿನಲ್ಲಿ ಕ್ಷೇತ್ರಕಾರ್ಯ, ಅದಕ್ಕೆ ನಿಮ್ಮ ಜಪಾನಿ ಭಾಷೆ ಸಾಕೇ ಎಂದು ಹೇಳಿ.

ಯೋಜನೆಗೆ ಜಪಾನೇ ಯಾಕೆ ಎಂಬುದಕ್ಕೆ ಉತ್ತರ ದೇಶದ ಹೊಗಳಿಕೆಯಲ್ಲಿಲ್ಲ, ಒಂದು ಲ್ಯಾಬಿನ ಕೆಲಸದಲ್ಲಿದೆ. ಪ್ರೊಫೆಸರನ್ನು ಹುಡುಕಲು ಕಾಕೆನ್ ಎಂಬ ಉಚಿತ ದತ್ತಸಂಗ್ರಹ ಬಳಸಿ. ಜಪಾನ್ ಸರ್ಕಾರದ ಸಂಶೋಧನಾ ಅನುದಾನ ಯಾರಿಗೆ, ಯಾವ ವಿಷಯಕ್ಕೆ, ಎಷ್ಟು ವರ್ಷಕ್ಕೆ ಸಿಕ್ಕಿದೆ ಎಂದು ಅದರಲ್ಲಿ ಕಾಣುತ್ತದೆ. ಅನುದಾನ ನಡೆಯುತ್ತಿರುವ ಲ್ಯಾಬ್ ಎಂದರೆ ಕೆಲಸ ನಡೆಯುತ್ತಿರುವ ಲ್ಯಾಬ್. ಇನ್ನೊಂದು ಅಂಶವನ್ನು ಯಾರೂ ನೋಡುವುದಿಲ್ಲ, ಪ್ರೊಫೆಸರ್ ವಯಸ್ಸು. ಹೆಚ್ಚಿನ ರಾಷ್ಟ್ರೀಯ ವಿಶ್ವವಿದ್ಯಾಲಯಗಳಲ್ಲಿ ನಿವೃತ್ತಿ 65ಕ್ಕೆ, ಮಾರ್ಚ್ ಕೊನೆಗೆ. ಎರಡು ವರ್ಷದಲ್ಲಿ ನಿವೃತ್ತರಾಗುವವರು ಹೊಸ ಪಿಎಚ್‌.ಡಿ. ವಿದ್ಯಾರ್ಥಿಯನ್ನು ತೆಗೆದುಕೊಳ್ಳಲು ಒಪ್ಪುವುದು ಕಷ್ಟ. ‘ಆಗುವುದಿಲ್ಲ’ ಎಂಬ ಉತ್ತರಕ್ಕೆ ನಿಮ್ಮ ಯೋಗ್ಯತೆ ಕಾರಣವಲ್ಲದೆಯೂ ಇರಬಹುದು.

ಇ-ಮೇಲ್ ಬರೆಯುವಾಗ ಹೆಸರು ಹಾಕಿ ಬರೆಯಿರಿ, ಅವರ ಯಾವ ಪ್ರಬಂಧ ಓದಿದ್ದೀರಿ, ನಿಮ್ಮ ಪ್ರಶ್ನೆಗೆ ಅದು ಎಲ್ಲಿ ತಾಗುತ್ತದೆ ಎಂದು ಎರಡು ಸಾಲಿನಲ್ಲಿ ಹೇಳಿ, ಯೋಜನೆಯನ್ನು ಪಿ.ಡಿ.ಎಫ್. ಆಗಿ ಲಗತ್ತಿಸಿ. ಐವತ್ತು ಜನರಿಗೆ ಒಂದೇ ಪತ್ರ ಕಳಿಸಿದರೆ ಗೊತ್ತಾಗುತ್ತದೆ, ಉತ್ತರ ಬರುವುದಿಲ್ಲ. ಕೆಲವು ಕಡೆ ಪ್ರೊಫೆಸರಿಗೆ ನೇರವಾಗಿ ಬರೆಯುವುದೇ ತಪ್ಪು. ಕ್ಯೋಟೊ ವಿಶ್ವವಿದ್ಯಾಲಯದ ಹೆಚ್ಚಿನ ವಿಭಾಗಗಳಿಗೆ ಮೊದಲು ಅದರ ಅಡ್ಮಿಷನ್ಸ್ ಅಸಿಸ್ಟೆನ್ಸ್ ಆಫೀಸಿನಲ್ಲಿ ನೋಂದಾಯಿಸಿಕೊಳ್ಳಬೇಕು. ವಿಭಾಗದ ಸೂಚನೆ ಓದಿ ಹೆಜ್ಜೆ ಇಡಿ.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಗ್ಲಿಷ್ ಮತ್ತು ಜಪಾನಿ ಎರಡು ಪತ್ರಿಕೆ, ಹಳೆಯ ಪ್ರಶ್ನೆಪತ್ರಿಕೆಗಳು ‘ಸ್ಟಡಿ ಇನ್ ಜಪಾನ್’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಜಪಾನಿ ಬರದವರೂ ಆಯ್ಕೆಯಾಗುತ್ತಾರೆ, ಆದರೂ ಹಿರಾಗಾನ, ಕಟಕಾನ ಎರಡು ಲಿಪಿ ಕಲಿತು ಹೋಗಿ. ಮೂರು ವಾರದ ಕೆಲಸ.

ಅರ್ಜಿಯ ಕಟ್ಟಿನ ಬಗ್ಗೆ ಮಾತ್ರ ಒಂದು ಮಾತು. ಪ್ರತಿ ದಾಖಲೆಯ ಬಲ ಮೇಲ್ತುದಿಯಲ್ಲಿ ಅದರ ಕ್ರಮಸಂಖ್ಯೆ ಬರೆಯಬೇಕು ಎಂಬ ಸೂಚನೆ ಇದೆ. ಅದನ್ನು ಬಿಟ್ಟವರ ಕಟ್ಟು ನೋಡಿದರೆ ನಿಯಮ ಓದಿಲ್ಲ ಎಂದು ತೆಗೆದ ಕೂಡಲೇ ತಿಳಿಯುತ್ತದೆ. ಎಲ್ಲ ಸೆಮಿಸ್ಟರಿನ ಅಂಕಗಳು ಬೇಕು, ಕೊನೆಯದೊಂದೇ ಸಾಲದು. ಕನ್ನಡದಲ್ಲಿರುವ ಯಾವುದೇ ಪ್ರಮಾಣಪತ್ರಕ್ಕೆ ಇಂಗ್ಲಿಷ್ ಅಥವಾ ಜಪಾನಿ ಅನುವಾದ ಜೊತೆಗಿರಬೇಕು. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಜೊತೆ ಇನ್ನೊಂದು ಇರುವುದು ನಮ್ಮಲ್ಲಿ ಸಾಮಾನ್ಯ. ಎರಡೂ ಒಬ್ಬರೇ ಎನ್ನುವ ಅಫಿಡವಿಟ್ ಮೊದಲೇ ಮಾಡಿಸಿಡಿ. ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಬರಲು ವಾರಗಳೇ ಹಿಡಿಯುವುದರಿಂದ ಆ ಅರ್ಜಿ ಎಲ್ಲಕ್ಕಿಂತ ಮೊದಲು ಹೋಗಬೇಕು.

ಮೊದಲ ಸುತ್ತು ಗೆದ್ದ ಮೇಲೆ

ಇಲ್ಲಿ ನಿಧಾನವಾಗಿ ಓದಿ. ಸಂದರ್ಶನ ಮುಗಿದು ಆಯ್ಕೆಯಾದರೆ ಸಿಗುವುದು ಮೊದಲ ಹಂತದ ಉತ್ತೀರ್ಣ ಪತ್ರ ಮತ್ತು ಮೊಹರು ಹಾಕಿದ ಅರ್ಜಿಯ ಪ್ರತಿ. ವಿದ್ಯಾರ್ಥಿವೇತನ ಇನ್ನೂ ಸಿಕ್ಕಿರುವುದಿಲ್ಲ. ಈ ಎರಡನ್ನು ಇಟ್ಟುಕೊಂಡು ವಿಶ್ವವಿದ್ಯಾಲಯಗಳಿಂದ ತಾತ್ಕಾಲಿಕ ಒಪ್ಪಿಗೆ ಪತ್ರ ತರಬೇಕು. ಕೋರಿಕೆ ಸಾಮಾನ್ಯವಾಗಿ ಆಗಸ್ಟ್ ಕೊನೆಯೊಳಗೆ ತಲುಪಬೇಕು. ಆಗಸ್ಟ್ ನಡುವೆ ಜಪಾನಿನಲ್ಲಿ ಓಬೊನ್ ರಜೆ, ಹಲವು ವಿಶ್ವವಿದ್ಯಾಲಯಗಳ ಕಚೇರಿಗಳು ಆ ವಾರ ಮುಚ್ಚಿರುತ್ತವೆ. ಕೈಯಲ್ಲಿ ಮೂರು ವಾರ ಇದೆ ಎಂದುಕೊಂಡವರಿಗೆ ನಿಜವಾಗಿ ಎರಡೇ ಇರುತ್ತದೆ. ಹಾಗಾಗಿ ಪ್ರೊಫೆಸರ್ ಜೊತೆಗಿನ ಮಾತು ಮಾರ್ಚ್–ಏಪ್ರಿಲ್‌ನಲ್ಲೇ ಶುರುವಾಗಿರಬೇಕು, ಆಗಸ್ಟ್‌ನಲ್ಲಿ ಬರೀ ಕಾಗದ ಕಳಿಸುವ ಕೆಲಸ ಉಳಿದಿರಬೇಕು.

ಒಪ್ಪಿಗೆ ಪತ್ರದಲ್ಲಿ ಮೂರು ಸಂಗತಿ ನೋಡಿ. ಯಾವ ದರ್ಜೆಗೆ ಒಪ್ಪಿದ್ದಾರೆ, ರಿಸರ್ಚ್ ಸ್ಟೂಡೆಂಟೋ ನೇರ ಮಾಸ್ಟರ್ಸೋ? ಯಾವ ತಿಂಗಳಿನಿಂದ? ಬೋಧನೆ ಯಾವ ಭಾಷೆಯಲ್ಲಿ? ಆದ್ಯತೆಯ ಪಟ್ಟಿಯಲ್ಲಿ ಮೂರು ವಿಶ್ವವಿದ್ಯಾಲಯಗಳನ್ನು ಬರೆಯಲು ಅವಕಾಶವಿದೆ, ಎಲ್ಲಿಗೆ ಎಂಬ ಕೊನೆಯ ನಿರ್ಧಾರ ಸಚಿವಾಲಯದ್ದು. ಒಪ್ಪಿಗೆ ಸಿಕ್ಕ ಕಡೆಯನ್ನು ಬಿಟ್ಟು ಹೆಸರುವಾಸಿ ಸಂಸ್ಥೆಯೊಂದನ್ನು ಒಪ್ಪಿಗೆಯಿಲ್ಲದೆ ಮೇಲೆ ಬರೆಯುವುದು ತೀರ ಅಪಾಯ. ಕೊನೆಯ ಫಲಿತಾಂಶ ಬರಲು ಇನ್ನೂ ತಿಂಗಳುಗಳು ಹಿಡಿಯುತ್ತವೆ. ಅಷ್ಟರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ಬೇರೆ ಸೀಟು ಬಿಡಬೇಡಿ, ಟಿಕೆಟ್ ಕೊಳ್ಳಬೇಡಿ. ಸ್ವಂತವಾಗಿ ಕೊಂಡ ಟಿಕೆಟ್ಟಿನ ಹಣ ಮರಳಿ ಸಿಗುವುದಿಲ್ಲ, ನಿಗದಿ ಮಾಡಿದ ದಿನಗಳ ಹೊರಗೆ ಹೋದರೂ ಪ್ರಯಾಣ ವೆಚ್ಚ ಸಿಗುವುದಿಲ್ಲ. ಮನೆಯಿಂದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದವರೆಗಿನ ಖರ್ಚು ಕೂಡ ನಿಮ್ಮದೇ. ರಾಯಚೂರಿನವರು ಬೆಂಗಳೂರು ತಲುಪುವ ಬಸ್ ಚಾರ್ಜನ್ನು ಯೋಜನೆ ಕೊಡುವುದಿಲ್ಲ.

ಇಳಿದ ಮೊದಲ ಆರು ವಾರ

ಮೊದಲ ವೇತನ ಕೈಗೆ ಬರಲು ಒಂದರಿಂದ ಒಂದೂವರೆ ತಿಂಗಳು ಆಗುತ್ತದೆ. ಸುಮಾರು 2,000 ಡಾಲರ್ ಜೊತೆಗೆ ತನ್ನಿ ಎಂದು ಸೂಚನೆಯಲ್ಲೇ ಬರೆದಿದ್ದಾರೆ, ಅದನ್ನು ಅಕ್ಷರಶಃ ತೆಗೆದುಕೊಳ್ಳಿ. ಹೊರಗೆ ಕೋಣೆ ಹಿಡಿಯುವವರು ಬಾಡಿಗೆಯ ಜೊತೆ ಠೇವಣಿ, ಮನೆ ಮಾಲೀಕರಿಗೆ ಮರಳಿ ಬಾರದ ‘ರೇಕಿನ್’, ಏಜೆಂಟರ ಕಮಿಷನ್, ಗ್ಯಾರಂಟಿ ಕಂಪನಿಯ ಶುಲ್ಕ ಕೊಡಬೇಕಾಗಬಹುದು. ಒಟ್ಟಿಗೆ ಮೂರು ನಾಲ್ಕು ತಿಂಗಳ ಬಾಡಿಗೆಯಷ್ಟು ಹಣ ಮೊದಲ ದಿನವೇ ಹೋಗುತ್ತದೆ. ಹಾಸ್ಟೆಲ್ ಅರ್ಜಿಯ ಕೊನೆಯ ದಿನಾಂಕವನ್ನು ವೀಸಾದಷ್ಟೇ ಕಾಳಜಿಯಿಂದ ನೋಡಿಕೊಳ್ಳಿ ಎನ್ನುವುದು ಇದಕ್ಕೇ.

ವಾಸದ ವಿಳಾಸವನ್ನು 14 ದಿನದೊಳಗೆ ಊರಿನ ನಗರ ಕಚೇರಿಯಲ್ಲಿ ನೋಂದಾಯಿಸಬೇಕು. ಅದೇ ದಿನ ಅದೇ ಕಟ್ಟಡದಲ್ಲಿ ಇನ್ನೆರಡು ಕೆಲಸ ಮುಗಿಸಿ. ಒಂದು, ರಾಷ್ಟ್ರೀಯ ಆರೋಗ್ಯ ವಿಮೆ. ಅದಿದ್ದರೆ ಆಸ್ಪತ್ರೆ ಬಿಲ್ಲಿನಲ್ಲಿ ನೀವು ಕೊಡುವುದು 30%. ವಿದ್ಯಾರ್ಥಿವೇತನವನ್ನು ಆದಾಯವೆಂದು ಎಣಿಸದ ಕಾರಣ, ಆದಾಯವಿಲ್ಲ ಎಂದು ಘೋಷಿಸಿದರೆ ಕಂತು ಬಹಳ ಇಳಿಯುತ್ತದೆ. ಎರಡು, ರಾಷ್ಟ್ರೀಯ ಪಿಂಚಣಿ. 20 ವರ್ಷ ತುಂಬಿದ ನಿವಾಸಿಗಳೆಲ್ಲ, ವಿದೇಶಿಯರೂ ಸೇರಿ, ಇದರ ವ್ಯಾಪ್ತಿಗೆ ಬರುತ್ತಾರೆ. 2025ರ ಆರ್ಥಿಕ ವರ್ಷದಲ್ಲಿ ತಿಂಗಳ ಕಂತು 17,510 ಯೆನ್ ಇತ್ತು, ವೇತನದ ಎಂಟನೇ ಒಂದು ಭಾಗದಷ್ಟು. ಸುಮ್ಮನೆ ಬಿಟ್ಟರೆ ಬಾಕಿ ನೋಟಿಸುಗಳು ಬರುತ್ತವೆ. ಕಂತಿನಿಂದ ವಿನಾಯಿತಿ ಕೋರುವ ಅರ್ಜಿ ಅಲ್ಲೇ ಸಿಗುತ್ತದೆ, ಪ್ರತಿ ವರ್ಷ ಮತ್ತೆ ಹಾಕಬೇಕು.

ಪ್ರತಿ ತಿಂಗಳು ವಿಶ್ವವಿದ್ಯಾಲಯದ ಕಚೇರಿಗೆ ಹೋಗಿ ಸಹಿ ಮಾಡಬೇಕು. ಆ ಸಹಿ ತಪ್ಪಿದರೆ ಆ ತಿಂಗಳ ವೇತನ ಇಲ್ಲ. ಇಡೀ ತಿಂಗಳು ಜಪಾನಿನಿಂದ ಹೊರಗಿದ್ದರೂ ಇಲ್ಲ. ಮನೆಯಲ್ಲಿ ಮದುವೆಯೆಂದು ಊರಿಗೆ ಬರುವವರು ಒಂದು ತಿಂಗಳ ಮೊದಲ ದಿನದಿಂದ ಕೊನೆಯ ದಿನದವರೆಗೆ ರಜೆ ಹಾಕದೆ, ಎರಡು ತಿಂಗಳ ನಡುವೆ ಬರುವಂತೆ, ಎರಡರಲ್ಲೂ ಸಹಿ ಆಗುವಂತೆ ದಿನ ಹೊಂದಿಸಿಕೊಳ್ಳಬೇಕು, ಪ್ರೊಫೆಸರಿಗೂ ಕಚೇರಿಗೂ ಮೊದಲೇ ತಿಳಿಸಬೇಕು.

ಊಟದ ಬಗ್ಗೆ ಸಸ್ಯಾಹಾರಿಗಳು ಕೇಳುವುದು ಹೆಚ್ಚು, ಹೇಳಲೇಬೇಕು. ಕ್ಯಾಂಟೀನಿನ ಮಿಸೋ ಸೂಪಿನಲ್ಲಿ, ನೂಡಲ್ಸಿನ ತಿಳಿಸಾರಿನಲ್ಲಿ ಸಾಮಾನ್ಯವಾಗಿ ಒಣಮೀನಿನ ‘ದಾಶಿ’ ಇರುತ್ತದೆ. ಅಂಗಡಿಯಲ್ಲಿ ಸಿಗುವ ಕರ‍್ರಿ ಗಟ್ಟಿಗಳಲ್ಲಿ ದನ ಅಥವಾ ಹಂದಿಯ ಕೊಬ್ಬು ಇರುವುದು ಸಾಮಾನ್ಯ. ತರಕಾರಿಯ ಚಿತ್ರ ನೋಡಿ ಕೊಳ್ಳಬೇಡಿ, ಹಿಂದಿನ ಪಟ್ಟಿ ಓದಿ. ಟೋಕಿಯೊದ ನಿಶಿ-ಕಸಾಯ್ ಮತ್ತು ಶಿನ್-ಒಕುಬೊ ಕಡೆ ಭಾರತೀಯ ಅಂಗಡಿಗಳಿವೆ, ತೊಗರಿಬೇಳೆ ಮಸಾಲೆಗೆ ತೊಂದರೆಯಿಲ್ಲ. ಅಡುಗೆ ಬರುವವರಿಗೆ ತಿಂಗಳ ಖರ್ಚು ತುಂಬ ಕಡಿಮೆಯಾಗುತ್ತದೆ. ವಾರಕ್ಕೆ 28 ಗಂಟೆಯವರೆಗೆ ಪಾರ್ಟ್‌ಟೈಮ್ ಕೆಲಸಕ್ಕೆ ವಲಸೆ ಇಲಾಖೆಯ ಅನುಮತಿ ಸಿಗುತ್ತದೆ. ಮಿತಿ ಮೀರಿದರೆ ವೀಸಾಕ್ಕೇ ಕುತ್ತು.

ಹೆಚ್ಚು ಜನ ಬೀಳುವ ಗುಂಡಿ

ರಿಸರ್ಚ್ ಸ್ಟೂಡೆಂಟ್, ಜಪಾನಿಯಲ್ಲಿ ಕೆಂಕ್ಯೂಸೇ, ಪದವಿಯ ವಿದ್ಯಾರ್ಥಿಯಲ್ಲ. ಡಿಗ್ರಿ ಇಲ್ಲದ ತಯಾರಿ ಅವಧಿ ಅದು. ಏಪ್ರಿಲ್‌ನಲ್ಲಿ ಬಂದವರಿಗೆ ಗರಿಷ್ಠ ಎರಡು ವರ್ಷ, ಶರತ್ಕಾಲದಲ್ಲಿ ಬಂದವರಿಗೆ ಒಂದೂವರೆ ವರ್ಷ. ಜಪಾನಿ ಬಾರದವರಿಗೆ ಕೊಡುವ ಆರು ತಿಂಗಳ ಭಾಷಾ ತರಬೇತಿಯೂ ಈ ಅವಧಿಯೊಳಗೇ ಸೇರಿದೆ. ಆ ಅವಧಿಯಲ್ಲಿ ಮಾಸ್ಟರ್ಸ್ ಅಥವಾ ಪಿಎಚ್‌.ಡಿ. ಪ್ರವೇಶ ಪರೀಕ್ಷೆ ಪಾಸಾಗಬೇಕು. ಪಾಸಾದ ಮೇಲೂ ವೇತನ ತಾನಾಗಿ ಮುಂದುವರಿಯುವುದಿಲ್ಲ, ವಿಸ್ತರಣೆಗೆ ಬೇರೆ ಅರ್ಜಿ, ಅದಕ್ಕೆ ಬೇರೆ ಪರಿಶೀಲನೆ. ಮಾಸ್ಟರ್ಸ್‌ನಿಂದ ಪಿಎಚ್‌.ಡಿ.ಗೆ ಹೋಗುವಾಗ ಮತ್ತೊಮ್ಮೆ.

ಎಷ್ಟೋ ಜನ ಮೊದಲ ಆರು ತಿಂಗಳನ್ನು ಭಾಷೆಗೆ, ಊರು ನೋಡುವುದಕ್ಕೆ ಎಂದು ಕಳೆಯುತ್ತಾರೆ. ಏಪ್ರಿಲ್ ಪ್ರವೇಶದ ಪರೀಕ್ಷೆ ಹಲವು ವಿಭಾಗಗಳಲ್ಲಿ ಹಿಂದಿನ ಆಗಸ್ಟ್–ಸೆಪ್ಟೆಂಬರ್‌ನಲ್ಲೇ ಮುಗಿದಿರುತ್ತದೆ, ಅದರ ಅರ್ಜಿ ಇನ್ನೂ ಮುಂಚೆ. ತಪ್ಪಿದರೆ ಮುಂದಿನ ಸರದಿಗೆ ಕಾಯಬೇಕು, ಅಷ್ಟರಲ್ಲಿ ವೇತನದ ಅವಧಿ ಕರಗುತ್ತಿರುತ್ತದೆ. ಬಂದ ವಾರವೇ ವಿಭಾಗದ ಕಚೇರಿಗೆ ಹೋಗಿ ಮೂರು ತಾರೀಕು ಬರೆದುಕೊಳ್ಳಿ: ಪ್ರವೇಶ ಪರೀಕ್ಷೆಯ ಅರ್ಜಿ, ಪರೀಕ್ಷೆ, ವಿಸ್ತರಣೆ ಅರ್ಜಿ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಯನ್ನು ಲ್ಯಾಬಿನ ಹಿರಿಯ ವಿದ್ಯಾರ್ಥಿಗಳಲ್ಲಿ ಕೇಳಿ ಪಡೆಯಿರಿ. ಇಂಗ್ಲಿಷಿನಲ್ಲಿ ಪ್ರವೇಶವಿರುವ ವಿಭಾಗಕ್ಕೆ ನೇರವಾಗಿ ಮಾಸ್ಟರ್ಸ್‌ಗೆ ಸೇರುವ ಅವಕಾಶ ಮೊದಲೇ ಇದ್ದರೆ ಅದನ್ನೇ ಆರಿಸಿ. ಯೋಜನೆಯ ಅತಿ ದುರ್ಬಲ ಭಾಗ ಈ ಕೆಂಕ್ಯೂಸೇ ಏರ್ಪಾಟು ಎಂದೇ ನಮ್ಮ ಎಣಿಕೆ. ಆಯ್ಕೆಪತ್ರದಲ್ಲೇ ಇದನ್ನು ದಪ್ಪ ಅಕ್ಷರದಲ್ಲಿ ಹೇಳಬೇಕಿತ್ತು.

ಪಿ.ಯು.ಸಿ. ಮುಗಿಸಿದವರಿಗೂ ಬೇರೆ ವೇತನವಿದೆ, ತಿಂಗಳಿಗೆ 1,17,000 ಯೆನ್, ಒಂದು ವರ್ಷದ ಭಾಷಾ ತಯಾರಿ ಸೇರಿ ಐದು ವರ್ಷ. ಪಾಠವೆಲ್ಲ ಜಪಾನಿಯಲ್ಲಿ. ಗಣಿತ, ವಿಜ್ಞಾನದ ಪರೀಕ್ಷೆ ಗಟ್ಟಿಯಾಗಿರುತ್ತದೆ. ಹದಿನೆಂಟರ ವಯಸ್ಸಿನಲ್ಲಿ ಒಂದೇ ವರ್ಷದಲ್ಲಿ ಕಾಂಜಿ ಎಂಬ ಚೀನೀ ಮೂಲದ ಲಿಪಿ ಕಲಿತು ತರಗತಿಯಲ್ಲಿ ಕೂರಬಲ್ಲೆ ಎನ್ನುವ ಹಠವಿದ್ದವರಿಗೆ ಮಾತ್ರ ಹೇಳುತ್ತೇವೆ.

ಇತರ ಸರ್ಕಾರಗಳ ನೆರವಿನ ಪಕ್ಕದಲ್ಲಿಟ್ಟು ನೋಡಿದರೆ, ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಾಡ್ (DAAD) ಮಾಸ್ಟರ್ಸ್‌ಗೆ ತಿಂಗಳಿಗೆ 992 ಯೂರೊ ಕೊಡುತ್ತದೆ, ರೂಪಾಯಿ ಲೆಕ್ಕದಲ್ಲಿ ಜಪಾನಿನದಕ್ಕಿಂತ ಮೇಲೆ. ಹಂಗೆರಿಯದು ಶುಲ್ಕ ಮನ್ನಾ ಮಾಡಿ ಮಾಸ್ಟರ್ಸ್‌ನವರಿಗೆ 43,700 ಫೊರಿಂಟ್ ಕೊಡುತ್ತದೆ, ಅದರಲ್ಲಿ ಬದುಕುವುದು ಆಗದು, ಮನೆಯಿಂದ ಹಣ ಬೇಕೇ ಬೇಕು. ಬ್ರಿಟನ್ನಿನ ಚೀವ್ನಿಂಗ್ ಒಂದು ವರ್ಷದ್ದು, ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕು. ಸಾಲ ಹುಟ್ಟದ ಮನೆಯ ಮಗುವಿಗೂ ಪಿಎಚ್‌.ಡಿ.ಯವರೆಗೂ ಒಂದೇ ನೆರಳಿನಲ್ಲಿ ಓದುವ ಅವಕಾಶ ಜಪಾನಿನದರಲ್ಲಿದೆ.

ಮರಳುವ ಟಿಕೆಟ್ಟಿನ ವಿಷಯ ಕೊನೆಗೆ ಉಳಿಯುತ್ತದೆ. ವೇತನದ ಅವಧಿ ಮುಗಿದು ನಿಗದಿತ ದಿನಗಳೊಳಗೆ ತಾಯ್ನಾಡಿಗೆ ಹೊರಡುವವರಿಗೆ ಮಾತ್ರ ಅದನ್ನು ಕೊಡುತ್ತಾರೆ, ವಿಶ್ವವಿದ್ಯಾಲಯದ ಕಚೇರಿಯಲ್ಲಿ ಮೊದಲೇ ಅರ್ಜಿ ಹಾಕಿದ್ದರೆ. ಅಲ್ಲೇ ಕೆಲಸಕ್ಕೆ ಸೇರುವವರಿಗೆ, ಸ್ವಂತ ಖರ್ಚಿನಲ್ಲಿ ಓದು ಮುಂದುವರಿಸುವವರಿಗೆ ಆ ಟಿಕೆಟ್ ಹೋಯಿತು, ಮುಂದೆ ಕೇಳಿದರೂ ಸಿಗುವುದಿಲ್ಲ. ಕೆಲಸದ ಮಾತುಕತೆ ನಡೆಯುತ್ತಿದ್ದರೆ, ಟಿಕೆಟ್ ಬೇಡವೆಂದು ಕಚೇರಿಗೆ ತಿಳಿಸುವ ಮೊದಲು ಆ ಕೆಲಸದ ಆಫರ್ ಕಾಗದ ಕೈಯಲ್ಲಿದೆಯೇ ನೋಡಿಕೊಳ್ಳಿ.